ಹಳೇ ಫೋಟೋದ ಹಿಂದೆ ಬರೆಯೋ ಮುಂಚೆ: 1357 ಅನ್ನೋ ಒಂದು ತಪ್ಪು ಲೆಕ್ಕ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಇಯರ್‌ಫೋನ್ ಮನೇಲಿ ಮರೆತು ಮೆಟ್ರೋ ಹತ್ತಿದವರಿಗೆ, ಈ ವಾರದ ಮಾತಿನ ಬರಹರೂಪ ಇಲ್ಲಿದೆ.

ಈ ವಾರದ ವಿಷಯ ಮನೆಯ ಹಳೇ ಫೋಟೋಗಳಿಗೆ ಹೆಸರು, ಇಸವಿ ಬರೆದಿಡೋದು. ಇದರಲ್ಲಿ ಇತಿಹಾಸ ಎಲ್ಲಿ ಬಂತು ಅಂತೀರಾ? ಮೊದಲು ನಾನೇ ಮಾಡಿದ ಒಂದು ತಪ್ಪು ಹೇಳಿಬಿಡ್ತೀನಿ. ಆಮೇಲೆ ನೀವೇ ಹೇಳಿ.

ನನ್ನ ತಾಯಿಯ ತವರು ಕಲಬುರಗಿ ಕಡೆಯ ಒಂದು ಹಳ್ಳಿ. ಅಲ್ಲಿನ ಟ್ರಂಕಿನಲ್ಲಿ ದಪ್ಪ ರಟ್ಟಿಗೆ ಅಂಟಿಸಿದ ಒಂದು ಫೋಟೋ ಇತ್ತು. ನಾಲ್ವರು ಗಂಡಸರು ನಿಂತಿದ್ದಾರೆ, ನಡುವೆ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಾಳೆ. ಹಿಂಬದಿಯಲ್ಲಿ ಹೈದರಾಬಾದಿನ ಒಂದು ಸ್ಟುಡಿಯೋದ ಸೀಲು, ಅದರ ಕೆಳಗೆ ಉರ್ದು ಅಂಕಿಯಲ್ಲಿ ಏನೋ ಬರೆದಿತ್ತು. ಹತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಪ್ರಾಜೆಕ್ಟ್‌ಗೆ ಅಂತ ಆ ಫೋಟೋ ತಂದುಕೊಂಡೆ. ಉರ್ದು ಬಲ್ಲ ಮೇಷ್ಟ್ರೊಬ್ಬರು ಅಂಕಿ ಓದಿಕೊಟ್ಟರು: 1357. ಉರ್ದು ಅಂದಮೇಲೆ ಹಿಜರಿ ಇಸವಿಯೇ ಇರಬೇಕು ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಲೆಕ್ಕ ಹಾಕಿದರೆ 1938 ಬಂತು. ಆ ಹೊತ್ತಿಗೆ ಬದುಕಿದ್ದ, ಆ ವಯಸ್ಸಿನ ಹೆಂಗಸು ಯಾರು? ನಮ್ಮ ಮುತ್ತ್ಯಾನ ತಾಯಿ. ಸರಿ, ನೀಲಿ ಬಾಲ್‌ಪೆನ್ ತಗೊಂಡು ಹಿಂದೆ ಒತ್ತಿ ಬರೆದೆ: "ಮುತ್ತ್ಯಾನ ಅವ್ವ, 1938."

ಇಪ್ಪತ್ತು ವರ್ಷ ಆದ ಮೇಲೆ, ಇಲ್ಲಿ ಗಚ್ಚಿಬೌಲಿಯ ಆಫೀಸಿನಲ್ಲಿ, ಹಳೇ ಊರಿನ ಒಬ್ಬ ಸಹೋದ್ಯೋಗಿಗೆ ಫೋನಿನಲ್ಲಿ ಆ ಸೀಲು ತೋರಿಸಿದೆ. ಅವರು ಜೂಮ್ ಮಾಡಿ ನೋಡಿ, ಅಂಕಿಯ ಪಕ್ಕದ ಒಂದು ಪುಟ್ಟ ಅಕ್ಷರದ ಮೇಲೆ ಬೆರಳಿಟ್ಟರು. "ಇದು 'ಫೇ' ಅಕ್ಷರ. ಹಿಜರಿ ಅಲ್ಲ, ಫಸಲಿ" ಅಂದರು. ಫಸಲಿ 1357 ಅಂದರೆ 1947ರ ಅಕ್ಟೋಬರ್‌ನಿಂದ 1948ರ ಅಕ್ಟೋಬರ್‌ವರೆಗೆ. ಒಂದೇ ಅಂಕಿ, ಹತ್ತು ವರ್ಷದ ವ್ಯತ್ಯಾಸ. ಮುತ್ತ್ಯಾನ ತಾಯಿ ಸ್ವಾತಂತ್ರ್ಯಕ್ಕಿಂತ ಮೊದಲೇ ತೀರಿಕೊಂಡಿದ್ದರು.

ಹಾಗಾದರೆ ಕುರ್ಚಿಯಲ್ಲಿ ಕೂತವರು ಯಾರು?

ಎಂಬತ್ತು ದಾಟಿದ ನನ್ನ ದೊಡ್ಡವ್ವನಿಗೆ ವಿಡಿಯೋ ಕಾಲ್ ಮಾಡಿದೆ. ನೋಡಿದ ತಕ್ಷಣ ಹೇಳಿದಳು: "ಅಕಿ ನಮ್ಮ ಆಯಿ ಅಲ್ಲಪಾ, ನಮ್ಮ ಸೋದರತ್ತಿ. ನನಗ ಕೇಳಿದ್ರ ಅವಾಗೇ ಹೇಳ್ತಿದ್ದೆ." ಮುತ್ತ್ಯಾನ ಅಕ್ಕ. ಸಣ್ಣ ವಯಸ್ಸಿಗೇ ಗಂಡನನ್ನು ಕಳಕೊಂಡು ತವರಿಗೆ ಬಂದು, ತಮ್ಮನ ಮಕ್ಕಳನ್ನೆಲ್ಲ ಎತ್ತಿ ಆಡಿಸಿ ಬೆಳೆಸಿದವಳು. ಮಕ್ಕಳಿಲ್ಲದ ಕಾರಣ ಮನೆಯ ವಂಶವೃಕ್ಷದಲ್ಲಿ ಅವಳ ಹೆಸರೇ ಇಲ್ಲ. ಅವಳ ಗುರುತು ಉಳಿದಿದ್ದು ಆ ಒಂದು ಫೋಟೋದಲ್ಲಿ ಮಾತ್ರ. ಅದರ ಮೇಲೂ ನಾನು ಬೇರೆಯವರ ಹೆಸರು ಬರೆದಿಟ್ಟಿದ್ದೆ. ಇನ್ನೊಂದು ವಿಷಯ: ಬಾಲ್‌ಪೆನ್ ಒತ್ತಿದ ಗೆರೆ ಮುಂಬದಿಗೂ ಮೂಡಿ, ಅವಳ ಕೆನ್ನೆಯ ಮೇಲೆ ಇವತ್ತಿಗೂ ಕಾಣುತ್ತೆ.

ಅಂದರೆ ಎರಡು ತಪ್ಪು. ಬರೆದದ್ದು ತಪ್ಪು, ಬರೆದ ರೀತಿಯೂ ತಪ್ಪು. ಇವತ್ತಿನ ಮಾತು ಈ ಎರಡರ ಬಗ್ಗೆ.

ಫೋಟೋ ಹೈದರಾಬಾದಿನದು ಯಾಕೆ?

ನಾವೆಲ್ಲ ಹೈದರಾಬಾದಿಗೆ ಕೆಲಸಕ್ಕೆ ಅಂತ ಬಂದವರು. ಆದರೆ ಬೀದರ್, ಕಲಬುರಗಿ, ರಾಯಚೂರಿನ ನಮ್ಮ ಅಜ್ಜ-ಮುತ್ತಜ್ಜಂದಿರಿಗೆ ಇದು ಪರಊರು ಆಗಿರಲಿಲ್ಲ, ರಾಜಧಾನಿ ಆಗಿತ್ತು. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆ. ಆಮೇಲೂ 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಇವತ್ತಿನ ಕೊಪ್ಪಳ ಆಗ ರಾಯಚೂರು ಜಿಲ್ಲೆಯ ಭಾಗ. ಕೋರ್ಟಿನ ಕೆಲಸ, ದೊಡ್ಡಾಸ್ಪತ್ರೆ, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಓದು, ಎಲ್ಲಕ್ಕೂ ಇಲ್ಲಿಗೇ ಬರಬೇಕು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲೇ ರೈಲು ಬಂದಿತ್ತು. ಬಂದವರು ಕೆಲಸ ಮುಗಿಸಿ, ಒಳ್ಳೇ ಬಟ್ಟೆ ಹಾಕಿಕೊಂಡು, ಒಂದು ಫೋಟೋ ತೆಗೆಸಿಕೊಂಡು ಊರಿಗೆ ಹೋಗುತ್ತಿದ್ದರು. ಆ ಕಡೆಯ ಮನೆಗಳ ಟ್ರಂಕಿನಲ್ಲಿ ಹೈದರಾಬಾದಿನ ಸೀಲು ಸಿಕ್ಕರೆ ಆಶ್ಚರ್ಯ ಪಡಬೇಡಿ.

ಫಸಲಿ ಅಂದರೇನು? ನಮ್ಮ 'ಫಸಲು' ಅನ್ನೋ ಪದವೇ ಅದು. ಕಂದಾಯದ ಲೆಕ್ಕಕ್ಕೆ ಅಕ್ಬರನ ಕಾಲದಲ್ಲಿ ಶುರುವಾದ ಬೆಳೆಯ ವರ್ಷ. ಹಿಜರಿ ಚಂದ್ರಮಾನ, ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತೆ. ಬೆಳೆ ಹಾಗೆ ಸರಿಯಲ್ಲವಲ್ಲ, ಅದಕ್ಕೆ ಸೌರಮಾನದ ಫಸಲಿ. ಹೈದರಾಬಾದ್ ಸರ್ಕಾರದ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ 'ಆಜುರ್' ತಿಂಗಳಿಂದ ಶುರು. ಲೆಕ್ಕ ಸುಲಭ: ಅಕ್ಟೋಬರ್‌ನಿಂದ ಡಿಸೆಂಬರ್ ನಡುವಿನ ದಿನವಾದರೆ 590 ಕೂಡಿಸಿ, ಜನವರಿಯಿಂದ ಸೆಪ್ಟೆಂಬರ್ ನಡುವಿನದಾದರೆ 591. ತಿಂಗಳು ಗೊತ್ತಿಲ್ಲದಿದ್ದರೆ ಒಂದೇ ಇಸವಿ ಬರೆಯಬೇಡಿ, "1947–48" ಅಂತಲೇ ಬರೆಯಿರಿ.

ಉರ್ದು ಬರದಿದ್ದರೂ ಮೂರು ಅಕ್ಷರ ಗುರುತು ಹಿಡಿಯೋದು ಕಲಿತರೆ ಸಾಕು. ಇಸವಿಯ ಜೊತೆ 'ಫೇ' ಇದ್ದರೆ ಫಸಲಿ, 'ಹೇ' ಇದ್ದರೆ ಹಿಜರಿ, 'ಐನ್' ತರಹದ ಗುರುತು ಇದ್ದರೆ ಈಸವಿ, ಅಂದರೆ ನಮ್ಮ ಕ್ರಿಸ್ತಶಕ. ಅಂಕಿಗಳನ್ನು ಮಾತ್ರ ಎಡದಿಂದ ಬಲಕ್ಕೇ ಓದಬೇಕು. ಸೊನ್ನೆ ಬರೀ ಒಂದು ಚುಕ್ಕೆ, ಕೊಳೆ ಅಂತ ಒರೆಸಿಬಿಟ್ಟೀರಿ!

ಸೀಲು, ಕಾಗದ ಹೇಳೋ ಸಾಕ್ಷಿ

ಮೈಸೂರು, ಧಾರವಾಡ, ಮಂಗಳೂರು ಕಡೆಯವರಿಗೆ ಫಸಲಿ ಸಿಗಲಿಕ್ಕಿಲ್ಲ. ಆದರೆ ಮದುವೆ ಫೋಟೋದ ಹಿಂದೆ "ಸರ್ವಧಾರಿ ಸಂವತ್ಸರ" ಅಂತ ಇರಬಹುದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತೆ. ಸರ್ವಧಾರಿ 1888ರಲ್ಲೂ ಬಂತು, 1948ರಲ್ಲೂ, 2008ರಲ್ಲೂ. ಬಟ್ಟೆ, ವಯಸ್ಸು, ಕಾಗದ ನೋಡಿ ಯಾವ ಸುತ್ತು ಅಂತ ತೀರ್ಮಾನಿಸಬೇಕು.

ಬೇರೆ ಸುಳಿವುಗಳೂ ಇವೆ. ಸ್ಟುಡಿಯೋ ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಆ ಸೀಲು 1972ರ ಆಗಸ್ಟ್ 15ಕ್ಕಿಂತ ಹಳೇದಲ್ಲ, ಪಿನ್‌ಕೋಡ್ ಬಂದಿದ್ದೇ ಅವತ್ತು. ರಾಜ್ಯದ ಹೆಸರು "ಕರ್ನಾಟಕ" ಅಂತಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್ 1ರ ನಂತರದ್ದು. ಕಾಗದದ ಹಿಂದೆ "ಇಂದು" ಅನ್ನೋ ಹೆಸರಿದ್ದರೆ ಅದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ಸರಕು. ಅಲ್ಲಿ ತಯಾರಿಕೆ ಶುರುವಾಗಿದ್ದು 1967ರಲ್ಲಿ.

ಆದರೆ ಇಲ್ಲಿ ಒಂದು ಎಚ್ಚರ. ಈ ಸುಳಿವುಗಳು "ಇದಕ್ಕಿಂತ ಹಿಂದಿನದಲ್ಲ" ಅಂತ ಮಾತ್ರ ಹೇಳುತ್ತವೆ. "ಮೈಸೂರು ರಾಜ್ಯ" ಅನ್ನೋ ಹಳೇ ಸೀಲನ್ನೇ ಅಂಗಡಿಯವರು 1973ರ ಮೇಲೂ ಒತ್ತಿರಬಹುದು. ಅಜ್ಜನ 1940ರ ಫೋಟೋವನ್ನು ತಿಥಿಗೆ ಅಂತ 1975ರಲ್ಲಿ ಕಾಪಿ ಮಾಡಿಸಿ ದೊಡ್ಡದು ಮಾಡಿಸಿರಬಹುದು. ಕಾಗದದ ವಯಸ್ಸು ಬೇರೆ, ಮುಖದ ವಯಸ್ಸು ಬೇರೆ.

ದೀನ್ ದಯಾಳ್ ಕಲಿಸೋ ಪಾಠ

ಈಗ ಬರೆಯೋ ರೀತಿಗೆ ಬರೋಣ. ಇದಕ್ಕೆ ಗುರು ನಮ್ಮ ಹೈದರಾಬಾದಿನಲ್ಲೇ ಇದ್ದರು. ರಾಜಾ ದೀನ್ ದಯಾಳ್, 1844ರಲ್ಲಿ ಮೀರತ್ ಹತ್ತಿರದ ಸರ್ಧಾನಾದಲ್ಲಿ ಹುಟ್ಟಿದವರು. ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿ, ಇಂದೋರಿನಲ್ಲಿ ಲೋಕೋಪಯೋಗಿ ಇಲಾಖೆಯ ಕೆಲಸಕ್ಕೆ ಸೇರಿದರು. ಕೆಲಸದ ಜೊತೆ ಶುರುವಾದ ಕ್ಯಾಮೆರಾ ಹುಚ್ಚು ಕೊನೆಗೆ ಕೆಲಸವನ್ನೇ ಬಿಡಿಸಿತು. ನಮ್ಮ ಜನಕ್ಕೆ ಈ ಕಥೆ ಅರ್ಥ ಆಗುತ್ತೆ ಅಲ್ವಾ! 1880ರ ದಶಕದ ನಡುವೆ ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಅವರ ಆಸ್ಥಾನದ ಫೋಟೋಗ್ರಾಫರ್ ಆದರು. ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗೇ ಅಂತ ಒಂದು ಜನಾನಾ ಸ್ಟುಡಿಯೋ ಕೂಡ ಮಾಡಿದರು. ಅದನ್ನು ನಡೆಸುತ್ತಿದ್ದವರು ಕೆನ್ನಿ-ಲೆವಿಕ್ ಅನ್ನೋ ಇಂಗ್ಲಿಷ್ ಮಹಿಳೆ.

ಅವರ ಎಷ್ಟೋ ಚಿತ್ರಗಳ ಮೂಲೆ ನೋಡಿದರೆ ಒಂದು ಸಣ್ಣ ಸಂಖ್ಯೆ ಕಾಣುತ್ತೆ. ಅದು ನೆಗೆಟಿವ್‌ನ ನಂಬರು. 1905ರಲ್ಲಿ ದೀನ್ ದಯಾಳ್ ತೀರಿಕೊಂಡರು. 1989ರಲ್ಲಿ ಅವರ ಸ್ಟುಡಿಯೋದ 2,857 ಗಾಜಿನ ನೆಗೆಟಿವ್‌ಗಳು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರಕ್ಕೆ ಸೇರಿದವು. ಮನುಷ್ಯ ಹೋದಮೇಲೂ ಯಾವ ಚಿತ್ರ ಯಾವುದು ಅಂತ ಹುಡುಕೋರಿಗೆ ಆ ನಂಬರೇ ಹಿಡಿಕೆ.

ನಮ್ಮ ಭಾಷೆಯಲ್ಲಿ ಹೇಳೋದಾದರೆ ಪ್ರೈಮರಿ ಕೀ. ಚಿತ್ರದ ಮೇಲೆ ಬರೀ ನಂಬರು, ಕಥೆಯೆಲ್ಲ ಬೇರೆ ಪುಸ್ತಕದಲ್ಲಿ. ಮನೆಯಲ್ಲೂ ಇದನ್ನೇ ಮಾಡಿ. ಫೋಟೋದ ಹಿಂದೆ "ಕ-17" ಅಂತ ಚಿಕ್ಕದಾಗಿ. ಒಂದು ಗಟ್ಟಿ ನೋಟ್‌ಬುಕ್ಕಿನಲ್ಲಿ ಕ-17ರ ಎದುರು ಗೊತ್ತಿರೋದೆಲ್ಲ. ಮುಂದೆ ತಪ್ಪು ಗೊತ್ತಾದರೆ ನೋಟ್‌ಬುಕ್ ತಿದ್ದಿದರೆ ಸಾಕು, ಫೋಟೋ ಮುಟ್ಟಬೇಕಿಲ್ಲ.

ಯಾವುದರಿಂದ, ಹೇಗೆ ಬರೆಯೋದು

ಹಳೇ ಕಪ್ಪು-ಬಿಳುಪು ಫೋಟೋದ ಹಿಂಬದಿ ಮಾಮೂಲಿ ಕಾಗದದ ಹಾಗೆ ಒರಟಾಗಿದ್ದರೆ ಮೆತ್ತನೆಯ ಪೆನ್ಸಿಲ್ ಸಾಕು, 2ಬಿ ಅಥವಾ 4ಬಿ. ಗಟ್ಟಿ ಮೇಜಿನ ಮೇಲೆ ಶುಭ್ರವಾದ ಬಿಳಿ ಹಾಳೆ ಹಾಸಿ, ಫೋಟೋ ಮಗುಚಿಟ್ಟು, ಅಂಚಿನ ಹತ್ತಿರ, ಒತ್ತದೆ ಬರೆಯಿರಿ. ಮುಖಗಳ ನೇರ ಹಿಂದೆ ಬೇಡ.

ಪೆನ್ಸಿಲ್ ಯಾಕೆ? ಸೀಸದಕಡ್ಡಿ ಅಂತೀವಲ್ಲ, ಅದರಲ್ಲಿರೋದು ಸೀಸ ಅಲ್ಲ, ಗ್ರಾಫೈಟ್, ಅಂದರೆ ಇಂಗಾಲ. ಅದು ಬಿಸಿಲಿಗೆ ಮಾಸಲ್ಲ, ನೀರಿಗೆ ಕರಗಲ್ಲ. ಈ ಊರಲ್ಲಿ ನೀರಿನ ಮಾತು ಸುಮ್ಮನೆ ಹೇಳ್ತಿಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮ್ ಸರ್ಕಾರ ಕರೆಸಿಕೊಂಡಿದ್ದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಭಾನುವಾರ ನೀವು ಬೈಕ್ ಹತ್ತಿ ಹೋಗೋ ಗಂಡಿಪೇಟೆ, ಅಂದರೆ 1920ರಲ್ಲಿ ಮುಗಿದ ಉಸ್ಮಾನ್ ಸಾಗರ, ಅವರ ಪ್ರವಾಹ ನಿಯಂತ್ರಣ ಯೋಜನೆಯಿಂದಲೇ ಬಂದಿದ್ದು. ಆದರೂ 2020ರ ಅಕ್ಟೋಬರ್ ಮಳೆಗೆ ಇದೇ ಊರಿನ ಎಷ್ಟೋ ಬಡಾವಣೆಗಳ ಮನೆಯೊಳಗೆ ನೀರು ಬಂತು. ಇಂಕ್ ಪೆನ್, ಸಾಮಾನ್ಯ ಜೆಲ್ ಪೆನ್ನಿನಲ್ಲಿ ಬರೆದಿದ್ದು ನೆನೆದರೆ ಹೆಸರೂ ಹೋಗುತ್ತೆ, ಪಕ್ಕದ ಫೋಟೋಗೂ ಕಲೆ ಆಗುತ್ತೆ.

1970ರ ದಶಕದಿಂದ ಹೆಚ್ಚಾಗಿ ಬಂದ ಪ್ಲಾಸ್ಟಿಕ್ ಲೇಪನದ ಫೋಟೋಗಳಲ್ಲಿ, ಅಂದರೆ ನಮ್ಮ ಬಾಲ್ಯದ ಕಲರ್ ಫೋಟೋಗಳಲ್ಲಿ, ಹಿಂಬದಿ ನುಣುಪು. ಪೆನ್ಸಿಲ್ ಹಿಡಿಯಲ್ಲ. ಹಿಡಿಯಲ್ಲ ಅಂತ ಒತ್ತಬೇಡಿ. ಒಂದೊಂದನ್ನೂ ಆಮ್ಲರಹಿತ ಕಾಗದದ ಕವರಿಗೆ ಹಾಕಿ, ಕವರಿನ ಮೇಲೆ ಬರೆಯಿರಿ. ಫೋಟೋ ಒಳಗೆ ಹಾಕೋ ಮುಂಚೆಯೇ ಬರೆಯಬೇಕು, ಹಾಕಿದ ಮೇಲೆ ಅಲ್ಲ. ಫೋಟೋ ಮೇಲೇ ಬರೆಯಬೇಕು ಅಂದರೆ ಗಾಜು, ಪ್ಲಾಸ್ಟಿಕ್ ಮೇಲೂ ಬರೆಯೋ ಮೆತ್ತನೆ ಪೆನ್ಸಿಲ್‌ಗಳು ಆರ್ಟ್ ಅಂಗಡಿಯಲ್ಲಿ ಸಿಗುತ್ತವೆ.

ಬಾಲ್‌ಪೆನ್, ಸ್ಕೆಚ್ ಪೆನ್, ಪರ್ಮನೆಂಟ್ ಮಾರ್ಕರ್ ಬೇಡ. ಸ್ಟಿಕ್ಕರ್, ಸೆಲ್ಲೋಟೇಪ್ ಬೇಡ: ಅಂಟು ವರ್ಷ ಕಳೆದಂತೆ ಹಳದಿಯಾಗಿ ಕಾಗದದೊಳಗೆ ಇಳಿಯುತ್ತೆ. ಸ್ಟೇಪ್ಲರ್ ಪಿನ್, ಜೆಮ್ ಕ್ಲಿಪ್ ತುಕ್ಕು ಹಿಡಿಯುತ್ತವೆ. ರಬ್ಬರ್ ಬ್ಯಾಂಡಿನ ಗಂಧಕ ಬೆಳ್ಳಿಯ ಚಿತ್ರವನ್ನೇ ಕಪ್ಪು ಮಾಡುತ್ತೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಮಾಡಿಸಿದರೆ ಹಿಂದಕ್ಕೆ ದಾರಿಯೇ ಇಲ್ಲ. ಫ್ರೇಮಿನ ಗಾಜಿಗೆ ಫೋಟೋ ಅಂಟಿಕೊಂಡಿದ್ದರೆ ಕೀಳಬೇಡಿ. ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿ, ನಂಬರನ್ನು ಫ್ರೇಮಿನ ಹಿಂದೆ ಬರೆಯಿರಿ.

ನಾನು ಮಾಡಿದ ಹಾಗೆ ಈಗಾಗಲೇ ಯಾರೋ ಪೆನ್ನಿನಲ್ಲಿ ಬರೆದಿದ್ದರೆ? ಅಳಿಸಬೇಡಿ. ಆ ಕೈಬರಹವೂ ಈಗ ದಾಖಲೆಯೇ. ತಪ್ಪಿದ್ದರೆ ನೋಟ್‌ಬುಕ್ಕಿನಲ್ಲಿ ಯಾಕೆ ತಪ್ಪು ಅಂತ ಬರೆಯಿರಿ.

ಏನು ಬರೆಯೋದು

ಪ್ರತಿ ಫೋಟೋಗೂ ನಾನೀಗ ಮೂರು ಸಾಲು ಬರೆಯುತ್ತೀನಿ. ಮೊದಲನೇದು, ಫೋಟೋ ಮೇಲೆ ಕಣ್ಣಿಗೆ ಕಾಣೋದು: ಸೀಲು, ಅಂಕಿ, ಹಳೇ ಬರಹ, ಇದ್ದ ಹಾಗೇ. ಎರಡನೇದು, ಯಾರು ಏನು ಹೇಳಿದರು, ಯಾವತ್ತು ಹೇಳಿದರು. ಮೂರನೇದು, ನನ್ನ ಊಹೆ, "ಊಹೆ" ಅಂತಲೇ ಬರೆದು. ಹತ್ತನೇ ಕ್ಲಾಸಿನಲ್ಲಿ ನಾನು ಮೂರನ್ನೂ ಕಲಸಿ ಒಂದೇ ಸಾಲು ಮಾಡಿದ್ದೆ. "1357, ಯಾವ ಶಕ ಗೊತ್ತಿಲ್ಲ" ಅಂತ ಬರೆದಿದ್ದರೆ ಮುಂದೆ ಯಾರಾದರೂ ಬಿಡಿಸುತ್ತಿದ್ದರು. "1938" ಅಂತ ಬರೆದ ಮೇಲೆ ಕೇಳೋ ಪ್ರಶ್ನೆಯೇ ಉಳಿಯಲಿಲ್ಲ. ಹೆಸರಿಲ್ಲದ ಫೋಟೋ ಕಂಡರೆ ಜನ ಹುಡುಕುತ್ತಾರೆ. ತಪ್ಪು ಹೆಸರಿರೋ ಫೋಟೋ ಕಂಡರೆ ನಂಬಿಬಿಡುತ್ತಾರೆ.

ಹೆಸರು ಬರೆಯುವಾಗ ಎಡದಿಂದ ಬಲಕ್ಕೆ, ಸಾಲಿನ ಪ್ರಕಾರ. "ಅಜ್ಜಿ", "ಮಾಮ" ಅಂತ ಮಾತ್ರ ಬರೆಯಬೇಡಿ. ನಿಮ್ಮ ಅಜ್ಜಿ ನಿಮ್ಮ ಮಗಳಿಗೆ ಅಜ್ಜಿ ಅಲ್ಲವಲ್ಲ. ಹೆಂಗಸರ ಬಗ್ಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರೇ ಬದಲಿಸೋ ಪದ್ಧತಿ ಇತ್ತು. ತವರಿನ ಹೆಸರು, ಗಂಡನ ಮನೆಯ ಹೆಸರು, ತವರಿನ ಊರು, ಮೂರನ್ನೂ ಬರೆಯಿರಿ. "ಗೌಡ್ರ ಹೆಂಡತಿ" ಅಂತ ಬರೆದರೆ ಗೌಡರ ಹೆಸರು ಉಳಿಯುತ್ತೆ, ಅವಳದಲ್ಲ.

ಕಂಪ್ಯೂಟರ್ ಭಾಗ

ಇದು ನಮಗೆ ಸುಲಭ, ಅದಕ್ಕೇ ಇಲ್ಲಿ ಎಡವೋದು ಜಾಸ್ತಿ. ಮುಂಬದಿ, ಹಿಂಬದಿ ಎರಡನ್ನೂ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಫೈಲಿನ ಹೆಸರಲ್ಲಿ ಅದೇ ನಂಬರು ಇರಲಿ. ವಿವರಣೆಯನ್ನು ಫೈಲಿನೊಳಗಿನ ಐಪಿಟಿಸಿ ಕ್ಯಾಪ್ಷನ್‌ನಲ್ಲಿ ಬರೆಯಿರಿ, ಎಕ್ಸಿಫ್‌ಟೂಲ್‌ನಲ್ಲಿ ನೂರು ಫೋಟೋಗೆ ಒಟ್ಟಿಗೆ ಹಾಕಬಹುದು. ಫ್ಯಾಮಿಲಿ ಗ್ರೂಪಿಗೆ ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಒಳಗಿನ ಮಾಹಿತಿ ಹೋಗಿಬಿಡುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿ. ಗೂಗಲ್ ಫೋಟೋಸ್‌ನಲ್ಲಿ ಬರೆದ ವಿವರಣೆ, ನೀವು ಎಲ್ಲವನ್ನೂ ಟೇಕ್‌ಔಟ್‌ನಲ್ಲಿ ಇಳಿಸಿಕೊಂಡಾಗ, ಬೇರೆ ಜೇಸನ್ ಫೈಲಿನಲ್ಲಿ ಬರುತ್ತೆ. ಫೋಟೋ ಒಂದು ಕಡೆ, ಹೆಸರು ಇನ್ನೊಂದು ಕಡೆ ಆಗದ ಹಾಗೆ ನೋಡಿಕೊಳ್ಳಿ.

ಮತ್ತೆ, ಬದುಕಿರೋರ ಪೂರ್ತಿ ಹೆಸರು, ಹುಟ್ಟಿದ ದಿನ, ತಾಯಿಯ ತವರಿನ ಹೆಸರು ಎಲ್ಲ ಸೇರಿಸಿ ಎಲ್ಲರಿಗೂ ಕಾಣೋ ಹಾಗೆ ಹಾಕಬೇಡಿ. ಬ್ಯಾಂಕಿನವರು ಕೇಳೋ ಗುಟ್ಟಿನ ಪ್ರಶ್ನೆಗಳು ಅವೇ ಅಲ್ವಾ.

ಕೊನೇ ಮಾತು. ಪೆನ್ಸಿಲ್, ಕವರು ಮುಂದಿನ ತಿಂಗಳೂ ಸಿಗುತ್ತವೆ. ನಿಮ್ಮ ದೊಡ್ಡವ್ವ, ನಿಮ್ಮ ಸೋದರಮಾವ, ಊರಲ್ಲಿ ಉಳಿದಿರೋ ಆ ಒಬ್ಬರೇ ಒಬ್ಬರು, ಅವರಿಗೆ ಕಾಯೋ ಟೈಮ್ ಇಲ್ಲ. ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಟ್ರಂಕು ತೆಗೆಯಿರಿ. ಒಂದೊಂದೇ ಫೋಟೋ ತೋರಿಸಿ ಅವರು ಮಾತಾಡೋದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. "ಇವರು ಅಜ್ಜ ಅಲ್ವಾ?" ಅಂತ ನೀವೇ ಉತ್ತರ ಕೊಟ್ಟು ಕೇಳಬೇಡಿ. "ಇವರು ಯಾರು?" ಅಂತ ಕೇಳಿ, ಸುಮ್ಮನೆ ಕೂತುಕೊಳ್ಳಿ.

ನಮ್ಮ ಮನೆಯ ಆ ಫೋಟೋ ಈಗ ಒಂದು ಕವರಿನಲ್ಲಿದೆ. ನೋಟ್‌ಬುಕ್ಕಿನಲ್ಲಿ ಅದರ ಎದುರು ಹೀಗಿದೆ: ಸೀಲಿನಲ್ಲಿ ಹೈದರಾಬಾದ್, ಫಸಲಿ 1357, ಅಂದರೆ 1947–48. ಕುರ್ಚಿಯಲ್ಲಿ ಮುತ್ತ್ಯಾನ ಅಕ್ಕ, ಅವಳ ಎರಡೂ ಹೆಸರು, ಹೇಳಿದವರು ದೊಡ್ಡವ್ವ. ಹಿಂದಿನ ನೀಲಿ ಬರಹ ತಪ್ಪು, ಬರೆದವನು ನಾನು. ನಿಂತ ನಾಲ್ವರಲ್ಲಿ ಬಲತುದಿಯವರು ಯಾರು ಅಂತ ದೊಡ್ಡವ್ವನಿಗೂ ನೆನಪಿಲ್ಲ. ಅಲ್ಲಿ ಜಾಗ ಖಾಲಿ ಬಿಟ್ಟಿದ್ದೀನಿ.

ಮುಂದಿನ ವಾರ ಸಿಗೋಣ. ನಮಸ್ಕಾರ.